ಯಕೃತ್ತಿನ ಕೊಬ್ಬಿಗೆ ಅಪ್ಪಣೆ ಕೊಡುವವರು ಯಾರು?

ಹೊಟ್ಟೆಯ ಸ್ಕ್ಯಾನಿಂಗ್ ವರದಿಯಲ್ಲಿ ‘ಫ್ಯಾಟಿ ಲಿವರ್’ ಎಂಬ ಎರಡು ಪದಗಳನ್ನು ಕಂಡವರು ಸಾಮಾನ್ಯವಾಗಿ ಮೊದಲು ದೂರುವುದು ತಾವು ತಿಂದ ಜಿಡ್ಡನ್ನು. ತಿಂದ ಕೊಬ್ಬು ರಕ್ತಕ್ಕೆ ಸೇರಿ, ಅಲ್ಲಿಂದ ಯಕೃತ್ತಿಗೆ ಹೋಗಿ ಕುಳಿತಿದೆ ಎಂಬ ಕಲ್ಪನೆ ಸರಳವಾದದ್ದು, ಆದ್ದರಿಂದಲೇ ಜನಪ್ರಿಯವೂ ಹೌದು. ಆದರೆ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಈ ತೊಂದರೆಯಿದ್ದವರ ಯಕೃತ್ತಿನ ಕೊಬ್ಬಿನ ಮೂಲವನ್ನು ಐಸೊಟೋಪುಗಳ ಗುರುತಿನಿಂದ ಪತ್ತೆಹಚ್ಚಿದಾಗ ಬೇರೆಯೇ ಚಿತ್ರ ಕಂಡಿತು. ಸುಮಾರು ಶೇ 59ರಷ್ಟು ಕೊಬ್ಬು ದೇಹದ ಕೊಬ್ಬಿನ ಅಂಗಾಂಶದಿಂದ ಕರಗಿ ರಕ್ತದ ಮೂಲಕ ಬಂದದ್ದಾಗಿತ್ತು. ಶೇ 26ರಷ್ಟನ್ನು ಯಕೃತ್ತು ಹೆಚ್ಚಾಗಿ ಸಕ್ಕರೆ, ಪಿಷ್ಟಗಳಿಂದ ತಾನೇ ತಯಾರಿಸಿಕೊಂಡಿತ್ತು. ಊಟದ ಕೊಬ್ಬಿನಿಂದ ನೇರವಾಗಿ ಬಂದದ್ದು ಶೇ 15ರಷ್ಟು ಮಾತ್ರ. ಹಾಗಾದರೆ ಮೈಯಲ್ಲಿ ತೆಪ್ಪಗಿದ್ದ ಕೊಬ್ಬನ್ನು ಕರಗಿಸಿ ಯಕೃತ್ತಿನ ಕಡೆಗೆ ಅಟ್ಟಿದವರು ಯಾರು, ಸಕ್ಕರೆಯನ್ನು ಕೊಬ್ಬಾಗಿಸು ಎಂದು ಯಕೃತ್ತಿಗೆ ಅಪ್ಪಣೆ ಕೊಟ್ಟವರು ಯಾರು? ಈ ಪ್ರಶ್ನೆಗಳನ್ನು ಹಿಡಿದು ಹೊರಟರೆ ನಾವು ತಲುಪುವುದು ಹಾರ್ಮೋನುಗಳನ್ನು.

ಮೊದಲು ಅಳತೆಯ ಮಾತು. ವಯಸ್ಕರ ಯಕೃತ್ತು ಸುಮಾರು ಒಂದೂವರೆ ಕಿಲೊ ತೂಗುತ್ತದೆ. ಅದರ ಜೀವಕೋಶಗಳಲ್ಲಿ ಶೇ 5ಕ್ಕಿಂತ ಹೆಚ್ಚಿನವುಗಳ ಒಳಗೆ ಟ್ರೈಗ್ಲಿಸರೈಡ್ ಎಂಬ ಕೊಬ್ಬಿನ ಹನಿಗಳು ಕಾಣಿಸಿಕೊಂಡರೆ ಅದನ್ನು ಫ್ಯಾಟಿ ಲಿವರ್ ಎನ್ನುತ್ತಾರೆ. ಜಗತ್ತಿನ ವಯಸ್ಕರಲ್ಲಿ ಸುಮಾರು ಶೇ 30ರಷ್ಟು ಜನರಿಗೆ ಈ ಸ್ಥಿತಿ ಇದೆಯೆಂಬುದು ಈಗಿನ ಅಂದಾಜು. ಬಹುಪಾಲು ಜನರಲ್ಲಿ ಅದು ಬರಿಯ ಕೊಬ್ಬಾಗಿಯೇ ಉಳಿಯುತ್ತದೆ. ಕೆಲವರಲ್ಲಿ ಉರಿಯೂತ ಹುಟ್ಟಿ, ವರ್ಷಗಟ್ಟಲೆ ಮುಂದುವರಿದು, ಯಕೃತ್ತು ನಾರುಗಟ್ಟುತ್ತ ಕೊನೆಗೆ ಸಿರೋಸಿಸ್ ಹಂತಕ್ಕೆ ಹೋಗುತ್ತದೆ. ಮದ್ಯಪಾನದಿಂದ ಬಾರದ ಈ ಕಾಯಿಲೆಗೆ ಮೊದಲು ‘ಮದ್ಯಪಾನೇತರ’ ಎಂಬ ವಿಶೇಷಣದ ಹೆಸರೇ ಇತ್ತು. ಏನಲ್ಲ ಎಂಬುದನ್ನು ಮಾತ್ರ ಹೇಳಿ ಏನು ಎಂಬುದನ್ನು ಹೇಳದ ಆ ಹೆಸರನ್ನು 2023ರಲ್ಲಿ ತಜ್ಞರ ಸಂಘಗಳು ಕೈಬಿಟ್ಟು, ಚಯಾಪಚಯದ ಏರುಪೇರಿಗೆ ಸಂಬಂಧಿಸಿದ ಯಕೃತ್ತಿನ ಕಾಯಿಲೆ ಎಂಬರ್ಥದ ಹೊಸ ಹೆಸರನ್ನು ಒಪ್ಪಿಕೊಂಡವು. ಚಯಾಪಚಯವನ್ನು ನಡೆಸುವವೇ ಹಾರ್ಮೋನುಗಳಾದ್ದರಿಂದ ಈ ಬದಲಾವಣೆ ಬರಿಯ ಹೆಸರಿನದಲ್ಲ ಎಂದು ನನಗೆ ಅನಿಸುತ್ತದೆ.

ಯಕೃತ್ತಿನ ಕೊಬ್ಬಿನ ಲೆಕ್ಕವನ್ನು ಮನೆಯ ಜಮಾಖರ್ಚಿನಂತೆ ನೋಡಬಹುದು. ಜಮೆಯ ಮೂರು ದಾರಿಗಳನ್ನು ಮೇಲೆ ಹೇಳಿದ್ದಾಯಿತು. ಖರ್ಚಿನ ದಾರಿಗಳು ಎರಡು: ಜೀವಕೋಶದೊಳಗಿನ ಒಲೆಗಳಂತಿರುವ ಮೈಟೊಕಾಂಡ್ರಿಯಗಳಲ್ಲಿ ಕೊಬ್ಬನ್ನು ಉರಿಸಿ ಶಕ್ತಿಯಾಗಿಸುವುದು, ಇಲ್ಲವೇ ಪ್ರೋಟೀನಿನ ಹೊದಿಕೆ ತೊಡಿಸಿ ವಿಎಲ್‌ಡಿಎಲ್ ಎಂಬ ಕಣಗಳ ರೂಪದಲ್ಲಿ ರಕ್ತಕ್ಕೆ ಸಾಗಿಸುವುದು. ಜಮೆ ಖರ್ಚನ್ನು ಮೀರಿದರೆ ಉಳಿಕೆ ಹನಿಗಳಾಗಿ ನಿಲ್ಲುತ್ತದೆ. ಈ ಐದು ದಾರಿಗಳ ಪೈಕಿ ಹಾರ್ಮೋನು ಕೈಯಿಡದ ದಾರಿ ಒಂದೂ ಇಲ್ಲ. ಆದ್ದರಿಂದ ಯಾವುದೇ ಹಾರ್ಮೋನನ್ನು ಕುರಿತು ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವ ಬದಲು, ಅದು ಯಾವ ಬಾಗಿಲನ್ನು ತೆರೆಯುತ್ತದೆ, ಯಾವುದನ್ನು ಮುಚ್ಚುತ್ತದೆ ಎಂದು ಕೇಳಿದರೆ ವಿಷಯ ತಿಳಿಯಾಗುತ್ತದೆ.

ಈ ಬಾಗಿಲುಗಳಲ್ಲಿ ಹೆಚ್ಚಿನವುಗಳ ಕೀಲಿ ಇರುವುದು ಇನ್ಸುಲಿನ್ ಕೈಯಲ್ಲಿ. ಊಟವಾದ ಮೇಲೆ ರಕ್ತದಲ್ಲಿ ಸಕ್ಕರೆ ಏರಿದಾಗ ಮೇದೋಜೀರಕ ಗ್ರಂಥಿ ಇನ್ಸುಲಿನ್ನನ್ನು ಸ್ರವಿಸುತ್ತದೆ. ಈ ಹಾರ್ಮೋನು ಸಕ್ಕರೆಯನ್ನು ಇಳಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅದರ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ದೇಹಕ್ಕೆ ಅದು ಸಾರುವ ಸುದ್ದಿ ಇಷ್ಟು: ಆಹಾರ ಬಂದಿದೆ, ಕೂಡಿಟ್ಟದ್ದನ್ನು ಖರ್ಚುಮಾಡಬೇಡಿ, ಹೊಸದನ್ನು ಕೂಡಿಡಿ. ಕೊಬ್ಬಿನ ಅಂಗಾಂಶದಲ್ಲಿ ಈ ಸುದ್ದಿಯ ಅರ್ಥ ಕೊಬ್ಬನ್ನು ಒಡೆಯುವ ಕಿಣ್ವಗಳನ್ನು ಸುಮ್ಮನಿರಿಸುವುದು, ಅಂದರೆ ಕೊಬ್ಬಿನಾಮ್ಲಗಳು ರಕ್ತಕ್ಕೆ ಸುರಿಯದಂತೆ ತಡೆಯುವುದು. ಯಕೃತ್ತಿನಲ್ಲಿ ಅದರ ಅರ್ಥ ಎರಡು ಬಗೆಯದು: ಹೊಸ ಸಕ್ಕರೆಯನ್ನು ತಯಾರಿಸುವುದನ್ನು ನಿಲ್ಲಿಸು, ಇರುವ ಸಕ್ಕರೆಯನ್ನು ಗ್ಲೈಕೊಜನ್ ಆಗಿಯೂ ಕೊಬ್ಬಾಗಿಯೂ ಸಂಗ್ರಹಿಸು. ಎರಡನೆಯ ಕೆಲಸಕ್ಕಾಗಿ ಇನ್ಸುಲಿನ್ ಎಸ್‌ಆರ್‌ಇಬಿಪಿ-1ಸಿ ಎಂಬ ಪ್ರೋಟೀನನ್ನು ಎಬ್ಬಿಸುತ್ತದೆ. ಅದು ಜೀವಕೋಶದ ಕೇಂದ್ರವನ್ನು ಹೊಕ್ಕು ಕೊಬ್ಬು ತಯಾರಿಸುವ ಕಿಣ್ವಗಳ ಜೀನ್‌ಗಳನ್ನೆಲ್ಲ ಒಟ್ಟಿಗೆ ಚಾಲನೆಗೆ ತರುತ್ತದೆ. ಇಷ್ಟೇ ಅಲ್ಲ, ಹೊಸ ಕೊಬ್ಬು ತಯಾರಾಗುವಾಗ ನಡುವೆ ಹುಟ್ಟುವ ಮೆಲೊನೈಲ್-ಕೊಎ ಎಂಬ ಪದಾರ್ಥ, ಕೊಬ್ಬಿನಾಮ್ಲಗಳು ಮೈಟೊಕಾಂಡ್ರಿಯದೊಳಗೆ ಹೋಗುವ ದಾರಿಯನ್ನೇ ಅಡ್ಡಗಟ್ಟುತ್ತದೆ. ತಯಾರಿಕೆ ನಡೆಯುತ್ತಿರುವಾಗ ಉರಿಸುವಿಕೆ ನಡೆಯಬಾರದೆಂಬ ಈ ಏರ್ಪಾಡು ಆರೋಗ್ಯವಂತರಲ್ಲಿ ಬಹಳ ಮಿತವ್ಯಯದ್ದು.

ತೊಡಕು ಶುರುವಾಗುವುದು ಅಂಗಾಂಶಗಳು ಇನ್ಸುಲಿನ್ನಿನ ಮಾತನ್ನು ಕೇಳದಾದಾಗ. ಇದಕ್ಕೆ ಇನ್ಸುಲಿನ್ ಪ್ರತಿರೋಧ ಎಂದು ಹೆಸರು. ಸಕ್ಕರೆ ಇಳಿಯದಿರುವುದನ್ನು ಕಂಡ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ನನ್ನು ಸುರಿಯುತ್ತದೆ. ಕಿವುಡರೊಡನೆ ಕೂಗಿ ಮಾತಾಡುವಂತೆ. ಇಲ್ಲಿ ಒಂದು ವಿಚಿತ್ರವಿದೆ. ಯಕೃತ್ತು ಇನ್ಸುಲಿನ್ನಿಗೆ ನಿಜವಾಗಿ ಕಿವುಡಾಗಿದ್ದರೆ ಎರಡೂ ಆಜ್ಞೆಗಳನ್ನು ಮೀರಬೇಕಿತ್ತು: ಸಕ್ಕರೆಯ ಉತ್ಪಾದನೆಯನ್ನು ನಿಲ್ಲಿಸಬಾರದಿತ್ತು, ಕೊಬ್ಬನ್ನೂ ತಯಾರಿಸಬಾರದಿತ್ತು. ಆದರೆ ಟೈಪ್ 2 ಮಧುಮೇಹಿಗಳ ಯಕೃತ್ತು ಒಂದು ಕಡೆ ಬೇಡವೆಂದರೂ ಸಕ್ಕರೆಯನ್ನು ಉತ್ಪಾದಿಸುತ್ತದೆ, ಇನ್ನೊಂದು ಕಡೆ ಹೇಳಿದ್ದಕ್ಕಿಂತ ಹೆಚ್ಚಾಗಿ ಕೊಬ್ಬನ್ನು ತಯಾರಿಸುತ್ತದೆ. ಕೊಲೆಸ್ಟರಾಲ್ ಕುರಿತ ಸಂಶೋಧನೆಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ 2008ರಲ್ಲಿ ಇದನ್ನು ‘ಆಯ್ದ ಪ್ರತಿರೋಧ’ ಎಂಬರ್ಥದಲ್ಲಿ ವಿವರಿಸಿದರು: ಆಜ್ಞೆಯ ಒಂದು ಭಾಗಕ್ಕೆ ಮಾತ್ರ ಕಿವಿ ಮುಚ್ಚಿದೆ, ಇನ್ನೊಂದು ಭಾಗಕ್ಕೆ ತೆರೆದೇ ಇದೆ. ಸಕ್ಕರೆಯನ್ನು ನಿಯಂತ್ರಿಸಲೆಂದು ಹೆಚ್ಚಿಸಿದ ಇನ್ಸುಲಿನ್ನೆಲ್ಲ ಆ ತೆರೆದ ಕಿವಿಗೆ ಬಿದ್ದು, ಕೊಬ್ಬಿನ ತಯಾರಿಕೆ ಎಲ್ಲೆ ಮೀರುತ್ತದೆ.

ಈ ವಾದಕ್ಕೆ ಪ್ರಕೃತಿಯೇ ಒದಗಿಸಿದ ಸಾಕ್ಷ್ಯವೊಂದಿದೆ. ಹುಟ್ಟಿನಿಂದಲೇ ಇನ್ಸುಲಿನ್ ಗ್ರಾಹಕದಲ್ಲಿ, ಅಂದರೆ ಜೀವಕೋಶದ ಮೇಲಿದ್ದು ಇನ್ಸುಲಿನ್ನಿನ ಆಜ್ಞೆಯನ್ನು ಸ್ವೀಕರಿಸುವ ಪ್ರೋಟೀನಿನಲ್ಲಿ, ದೋಷವಿರುವ ಅಪರೂಪದ ರೋಗಿಗಳಿದ್ದಾರೆ. ಅವರಲ್ಲಿ ಆಜ್ಞೆ ಬಾಗಿಲಲ್ಲೇ ನಿಂತುಹೋಗುವುದರಿಂದ ಎರಡು ಕಿವಿಗಳೂ ಮುಚ್ಚಿವೆ. ಇವರ ಇನ್ಸುಲಿನ್ ಪ್ರತಿರೋಧ ಅತಿ ತೀವ್ರವಾದದ್ದು, ರಕ್ತದಲ್ಲಿ ಇನ್ಸುಲಿನ್ ಉಕ್ಕಿ ಹರಿಯುತ್ತಿರುತ್ತದೆ. ಆದರೂ ಇವರಿಗೆ ಫ್ಯಾಟಿ ಲಿವರ್ ಬರುವುದಿಲ್ಲ. ಅದೇ, ಗ್ರಾಹಕ ಸರಿಯಿದ್ದು ಅದರ ಮುಂದಿನ ಸಂದೇಶವಾಹಕವಾದ ಎಕೆಟಿ2 ಎಂಬ ಪ್ರೋಟೀನಿನಲ್ಲಿ ದೋಷವಿರುವವರ ಯಕೃತ್ತಿನಲ್ಲಿ ಕೊಬ್ಬು ತುಂಬಿರುತ್ತದೆ. ಇನ್ಸುಲಿನ್ ಪ್ರತಿರೋಧವಿದ್ದರೆ ಯಕೃತ್ತು ಕೊಬ್ಬುತ್ತದೆ ಎಂಬ ರೂಢಿಯ ಮಾತು ಹಾಗಾಗಿ ಅರ್ಧ ಸತ್ಯ. ಪ್ರತಿರೋಧ ಎಲ್ಲಿ, ಎಷ್ಟರ ಮಟ್ಟಿಗೆ ಎಂಬುದು ಮುಖ್ಯ.

ಯಕೃತ್ತಿನ ಒಳಗಿನ ಈ ಕಥೆಯ ಜೊತೆಗೆ ಹೊರಗಿನ ಕಥೆಯೂ ನಡೆಯುತ್ತಿರುತ್ತದೆ. ಕೊಬ್ಬಿನ ಅಂಗಾಂಶ ಇನ್ಸುಲಿನ್ನಿನ ಮಾತನ್ನು ಕೇಳದಾದರೆ ಊಟವಾದ ಮೇಲೂ ಕೊಬ್ಬಿನಾಮ್ಲಗಳು ರಕ್ತಕ್ಕೆ ಸುರಿಯುತ್ತಲೇ ಇರುತ್ತವೆ. ಯಕೃತ್ತು ತನ್ನ ಬಳಿಗೆ ಬಂದ ಕೊಬ್ಬಿನಾಮ್ಲವನ್ನು ಬೇಡವೆನ್ನಲಾರದು. ರಕ್ತದಲ್ಲಿ ಎಷ್ಟಿದೆಯೋ ಅದಕ್ಕೆ ತಕ್ಕಷ್ಟನ್ನು ಒಳಗೆ ಎಳೆದುಕೊಳ್ಳುತ್ತದೆ. ಮೊದಲಲ್ಲಿ ಹೇಳಿದ ಶೇ 59ರ ಪಾಲು ಬರುವುದು ಈ ಸೋರಿಕೆಯಿಂದ. ಇದರ ಮೇಲೆ ಹಣ್ಣಿನ ಸಕ್ಕರೆಯಾದ ಫ್ರಕ್ಟೋಸ್ ಸೇರಿಕೊಂಡರೆ ಭಾರ ಇನ್ನೂ ಹೆಚ್ಚುತ್ತದೆ. ಗ್ಲೂಕೋಸಿನ ಬಳಕೆಯಲ್ಲಿ ಇರುವ ಮುಖ್ಯ ತಪಾಸಣೆಯ ಹಂತವೊಂದನ್ನು ಫ್ರಕ್ಟೋಸ್ ತಪ್ಪಿಸಿಕೊಂಡು ದಾಟಿಹೋಗುವುದರಿಂದ, ಯಕೃತ್ತಿನಲ್ಲಿ ಅದು ಕೊಬ್ಬಿನ ತಯಾರಿಕೆಗೆ ಬೇಕಾದ ಕಚ್ಚಾವಸ್ತುವನ್ನು ತಡೆಯಿಲ್ಲದೆ ಒದಗಿಸುತ್ತದೆ. ಇಡೀ ಹಣ್ಣಿನಲ್ಲಿ ಅದರ ಪ್ರಮಾಣ ಕಡಿಮೆ, ನಾರೂ ಇರುತ್ತದೆ. ಇಲ್ಲಿ ಹೇಳುತ್ತಿರುವುದು ಸಿಹಿ ಪಾನೀಯಗಳಲ್ಲಿ ಒಮ್ಮೆಗೇ ಒಳಹೋಗುವ ಫ್ರಕ್ಟೋಸಿನ ಮಾತು.

ಇನ್ನೊಂದು ವಿಷವರ್ತುಲವನ್ನು ಇಲ್ಲಿಯೇ ಹೇಳಿಬಿಡಬೇಕು. ಮೇದೋಜೀರಕದಿಂದ ಹೊರಟ ಇನ್ಸುಲಿನ್ ಮೊದಲು ತಲುಪುವುದು ಯಕೃತ್ತನ್ನು, ಮತ್ತು ಅದರ ಸುಮಾರು ಅರ್ಧ ಭಾಗವನ್ನು ಯಕೃತ್ತು ಆ ಮೊದಲ ಸುತ್ತಿನಲ್ಲೇ ಹೀರಿ ಒಡೆದುಹಾಕುತ್ತದೆ. ಕೊಬ್ಬು ತುಂಬಿದ ಯಕೃತ್ತಿಗೆ ಈ ಸಾಮರ್ಥ್ಯ ಕುಂದುತ್ತದೆ. ಆಗ ಹೆಚ್ಚು ಇನ್ಸುಲಿನ್ ರಕ್ತದಲ್ಲಿ ಉಳಿಯುತ್ತದೆ, ಉಳಿದ ಇನ್ಸುಲಿನ್ ಮತ್ತಷ್ಟು ಕೊಬ್ಬಿನ ತಯಾರಿಕೆಗೆ ಪ್ರೇರಣೆ ಕೊಡುತ್ತದೆ. ಕಾರಣ ಯಾವುದು, ಪರಿಣಾಮ ಯಾವುದು ಎಂದು ಬೇರ್ಪಡಿಸುವುದು ಈ ವಿಷಯದಲ್ಲಿ ಕಷ್ಟವಾಗುವುದು ಇಂಥ ಸುತ್ತುಗಳಿಂದಾಗಿ.

ಇನ್ಸುಲಿನ್ನಿನ ಎದುರಾಳಿ ಗ್ಲುಕಗಾನ್. ಉಪವಾಸದ ಹೊತ್ತಿನಲ್ಲಿ ಮೇದೋಜೀರಕದ ಇನ್ನೊಂದು ಬಗೆಯ ಜೀವಕೋಶಗಳಿಂದ ಬರುವ ಈ ಹಾರ್ಮೋನು, ಕೂಡಿಟ್ಟ ಸಕ್ಕರೆಯನ್ನು ಬಿಡುಗಡೆ ಮಾಡು, ಕೊಬ್ಬನ್ನು ಉರಿಸು ಎಂದು ಯಕೃತ್ತಿಗೆ ಹೇಳುತ್ತದೆ. ಸಕ್ಕರೆಯನ್ನು ಏರಿಸುತ್ತದೆಂಬ ಕಾರಣಕ್ಕೆ ಮಧುಮೇಹದ ಚಿಕಿತ್ಸೆಯಲ್ಲಿ ಇದನ್ನು ಬಹುಕಾಲ ಶತ್ರುವಾಗಿ ಕಂಡು, ಅದರ ಗ್ರಾಹಕವನ್ನು ಮುಚ್ಚುವ ಔಷಧಗಳನ್ನು ರೂಪಿಸಲಾಯಿತು. ಪ್ರಯೋಗಗಳಲ್ಲಿ ಅವುಗಳಿಂದ ರಕ್ತದ ಸಕ್ಕರೆ ಇಳಿಯಿತು, ಆದರೆ ಯಕೃತ್ತಿನ ಕೊಬ್ಬು ಏರಿತು. ಆ ಸೋಲಿನಿಂದ ಕಲಿತ ಪಾಠವೇ ಈಗ ತಿರುಗಿ ಬಳಕೆಗೆ ಬಂದಿದ್ದು, ಗ್ಲುಕಗಾನ್ ಗ್ರಾಹಕವನ್ನು ಮುಚ್ಚುವ ಬದಲು ಉತ್ತೇಜಿಸುವ, ಜೊತೆಗೆ ಸಕ್ಕರೆ ಏರದಂತೆ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುವ ಜೋಡಿ ಔಷಧಗಳು ಯಕೃತ್ತಿನ ಕೊಬ್ಬಿಗಾಗಿ ಪರೀಕ್ಷೆಯಲ್ಲಿವೆ.

ಕೊಬ್ಬಿನ ಅಂಗಾಂಶವನ್ನು ಬಹುಕಾಲ ಬರಿಯ ಉಗ್ರಾಣವೆಂದು ತಿಳಿಯಲಾಗಿತ್ತು. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಲೆಪ್ಟಿನ್‌ನ ಜೀನನ್ನು ಕಂಡುಹಿಡಿದ ಮೇಲೆ ಅದು ಗ್ರಂಥಿಯೂ ಹೌದೆಂಬುದು ಸ್ಪಷ್ಟವಾಯಿತು. ಕೊಬ್ಬಿನ ಜೀವಕೋಶಗಳು ತಮ್ಮಲ್ಲಿ ಎಷ್ಟು ದಾಸ್ತಾನಿದೆ ಎಂಬುದನ್ನು ಲೆಪ್ಟಿನ್ ಮೂಲಕ ಮಿದುಳಿಗೆ ತಿಳಿಸುತ್ತವೆ. ಮಿದುಳು ಹಸಿವನ್ನು ಕಡಿಮೆ ಮಾಡುತ್ತದೆ. ಯಕೃತ್ತಿನ ಮಟ್ಟಿಗೆ ಲೆಪ್ಟಿನ್ ಎಷ್ಟು ಮುಖ್ಯವೆಂಬುದನ್ನು ತೋರಿಸಿದ್ದು ಬೊಜ್ಜಿರುವವರಲ್ಲ, ಮೈಯಲ್ಲಿ ಕೊಬ್ಬೇ ಇಲ್ಲದವರು. ಲಿಪೊಡಿಸ್ಟ್ರೊಫಿ ಎಂಬ ಅಪರೂಪದ ಕಾಯಿಲೆಯಲ್ಲಿ ಚರ್ಮದಡಿಯ ಕೊಬ್ಬಿನ ಅಂಗಾಂಶ ಬಹುಮಟ್ಟಿಗೆ ಇರುವುದೇ ಇಲ್ಲ. ನೋಡಲು ನರಪೇತಲರಂತೆ, ಸ್ನಾಯುಗಳು ಎದ್ದುಕಾಣುವಂತೆ ಇರುವ ಇವರ ಯಕೃತ್ತು ಮಾತ್ರ ಕೊಬ್ಬಿನಿಂದ ಊದಿಕೊಂಡಿರುತ್ತದೆ. ಉಗ್ರಾಣವಿಲ್ಲದ ಮನೆಯಲ್ಲಿ ದವಸದ ಮೂಟೆಗಳನ್ನು ನಡುಮನೆಯಲ್ಲೇ ಪೇರಿಸಬೇಕಾಗುವಂತೆ, ಕೂಡಲು ಜಾಗ ಸಿಗದ ಕೊಬ್ಬು ಯಕೃತ್ತಿಗೆ ಬರುತ್ತದೆ. ಉಗ್ರಾಣವಿಲ್ಲದ್ದರಿಂದ ಲೆಪ್ಟಿನ್ನೂ ಇಲ್ಲ, ಆದ್ದರಿಂದ ಹಸಿವಿಗೆ ಕೊನೆಯೂ ಇಲ್ಲ. ಇಂಥವರಿಗೆ ಲೆಪ್ಟಿನ್ನನ್ನು ಚುಚ್ಚುಮದ್ದಾಗಿ ಕೊಟ್ಟಾಗ ಹಸಿವು, ರಕ್ತದ ಟ್ರೈಗ್ಲಿಸರೈಡ್, ಯಕೃತ್ತಿನ ಕೊಬ್ಬು ಮೂರೂ ಇಳಿದವು. 2014ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಇದಕ್ಕೆ ಒಪ್ಪಿಗೆ ನೀಡಿತು. ಸಾಮಾನ್ಯ ಬೊಜ್ಜಿಗೆ ಮಾತ್ರ ಈ ಔಷಧ ಕೈಕೊಟ್ಟಿತು. ಅಲ್ಲಿ ಲೆಪ್ಟಿನ್ನಿಗೆ ಕೊರತೆಯಿಲ್ಲ, ಅದನ್ನು ಕೇಳಿಸಿಕೊಳ್ಳುವ ಮಿದುಳಿನ ಕಿವಿ ಮಂದವಾಗಿದೆ.

ತೆಳ್ಳಗಿರುವ ಕೆಲವರಿಗೂ ಫ್ಯಾಟಿ ಲಿವರ್ ಬರುವುದೇಕೆ ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಇಲ್ಲಿದೆ. ಚರ್ಮದಡಿಯಲ್ಲಿ ಎಷ್ಟು ಕೊಬ್ಬನ್ನು ಸುರಕ್ಷಿತವಾಗಿ ಇಟ್ಟುಕೊಳ್ಳಬಹುದು ಎಂಬ ಮಿತಿ ಒಬ್ಬೊಬ್ಬರಿಗೆ ಒಂದೊಂದು. ಮಿತಿ ಚಿಕ್ಕದಾಗಿರುವವರಲ್ಲಿ ತೂಕ ಹೆಚ್ಚೆನಿಸುವ ಮೊದಲೇ ಕೊಬ್ಬು ಹೊಟ್ಟೆಯೊಳಗೂ ಯಕೃತ್ತಿಗೂ ಹರಿಯತೊಡಗುತ್ತದೆ. ಕೊಬ್ಬಿನ ಜೀವಕೋಶಗಳೇ ಸ್ರವಿಸುವ ಇನ್ನೊಂದು ಹಾರ್ಮೋನು ಅಡಿಪೊನೆಕ್ಟಿನ್. ಅದು ಯಕೃತ್ತಿನಲ್ಲಿ ಕೊಬ್ಬನ್ನು ಉರಿಸುವ ಕೆಲಸಕ್ಕೆ ಒತ್ತಾಸೆಯಾಗಿ, ಇನ್ಸುಲಿನ್ನಿನ ಮಾತು ಸರಿಯಾಗಿ ಕೇಳಿಸುವಂತೆ ಮಾಡುತ್ತದೆ. ಲೆಪ್ಟಿನ್ನಿಗೆ ವಿರುದ್ಧವಾಗಿ, ಕೊಬ್ಬು ಹೆಚ್ಚಿದಷ್ಟೂ ಅಡಿಪೊನೆಕ್ಟಿನ್ ಕಡಿಮೆಯಾಗುತ್ತದೆ. ಪಯೊಗ್ಲಿಟಜೋನ್ ಎಂಬ ಹಳೆಯ ಮಧುಮೇಹದ ಮಾತ್ರೆ ಯಕೃತ್ತಿನ ಕೊಬ್ಬನ್ನು ಇಳಿಸುವುದರಲ್ಲಿ ಈ ಹಾರ್ಮೋನನ್ನು ಹೆಚ್ಚಿಸುವುದರ ಪಾತ್ರವಿದೆ. ಆ ಮಾತ್ರೆಯಿಂದ ಯಕೃತ್ತಿನ ಕೊಬ್ಬು ಇಳಿದರೂ ಮೈತೂಕ ಏರುವುದುಂಟು. ವಿರೋಧಾಭಾಸದಂತೆ ಕಂಡರೂ, ಕೊಬ್ಬು ನಡುಮನೆಯಿಂದ ಉಗ್ರಾಣಕ್ಕೆ ಮರಳಿತು ಎಂದು ತಿಳಿದರೆ ಅದು ಸರಿಹೋಗುತ್ತದೆ.

ಲೈಂಗಿಕ ಹಾರ್ಮೋನುಗಳ ಪ್ರಭಾವವನ್ನು ವಯಸ್ಸು ಮತ್ತು ಲಿಂಗದ ಅಂಕಿ-ಅಂಶಗಳಲ್ಲೇ ಕಾಣಬಹುದು. ಮುಟ್ಟು ನಿಲ್ಲುವ ಮೊದಲು ಮಹಿಳೆಯರಲ್ಲಿ ಫ್ಯಾಟಿ ಲಿವರ್ ಅದೇ ವಯಸ್ಸಿನ ಪುರುಷರಿಗಿಂತ ಕಡಿಮೆ. ಮುಟ್ಟು ನಿಂತ ಮೇಲೆ ಈ ಅಂತರ ಕಿರಿದಾಗುತ್ತ ಹೋಗುತ್ತದೆ. ಅಂಡಾಶಯದ ಈಸ್ಟ್ರೊಜನ್ ಕೊಬ್ಬನ್ನು ಹೊಟ್ಟೆಯೊಳಗಿಗಿಂತ ತೊಡೆ, ನಿತಂಬಗಳ ಚರ್ಮದಡಿಗೆ ಕಳಿಸುತ್ತದೆ. ಯಕೃತ್ತಿನೊಳಗೆ ಕೊಬ್ಬಿನ ತಯಾರಿಕೆಯನ್ನು ತಗ್ಗಿಸುತ್ತದೆ. ಇದು ಬರಿಯ ಹೊಂದಿಕೆಯಲ್ಲ, ಕಾರಣ ಎಂಬುದಕ್ಕೆ ಎರಡು ಕಡೆಯಿಂದ ಪುರಾವೆ ಸಿಗುತ್ತದೆ. ಸ್ತನ ಕ್ಯಾನ್ಸರಿಗೆ ಕೊಡುವ, ಈಸ್ಟ್ರೊಜನ್ನಿನ ಕೆಲಸಕ್ಕೆ ಅಡ್ಡಿಪಡಿಸುವ ಟಮಾಕ್ಸಿಫೆನ್ ತೆಗೆದುಕೊಳ್ಳುವವರಲ್ಲಿ ಗಣನೀಯ ಸಂಖ್ಯೆಯವರಿಗೆ ಫ್ಯಾಟಿ ಲಿವರ್ ಕಾಣಿಸಿಕೊಳ್ಳುತ್ತದೆ. ಇನ್ನು ಪುರುಷರಿಗೂ ಈಸ್ಟ್ರೊಜನ್ ಬೇಕು: ಟೆಸ್ಟೊಸ್ಟೆರೋನನ್ನು ಈಸ್ಟ್ರೊಜನ್ ಆಗಿ ಪರಿವರ್ತಿಸುವ ಅರೊಮಟೇಸ್ ಕಿಣ್ವ ಹುಟ್ಟಿನಿಂದಲೇ ಇಲ್ಲದ ಕೆಲವೇ ಪುರುಷರಲ್ಲಿ ಯಕೃತ್ತಿನ ಕೊಬ್ಬು ಮತ್ತು ಇನ್ಸುಲಿನ್ ಪ್ರತಿರೋಧ ಕಂಡುಬಂದಿವೆ.

ಟೆಸ್ಟೊಸ್ಟೆರೋನ್ ವಿಷಯದಲ್ಲಿ ಗಂಡು-ಹೆಣ್ಣುಗಳ ಲೆಕ್ಕ ಉಲ್ಟಾ. ಪುರುಷರಲ್ಲಿ ಅದರ ಕೊರತೆ ಯಕೃತ್ತಿನ ಕೊಬ್ಬಿನೊಡನೆ ಕಾಣಿಸಿಕೊಂಡರೆ, ಮಹಿಳೆಯರಲ್ಲಿ ಅದರ ಹೆಚ್ಚಳ. ಅಂಡಾಶಯದಲ್ಲಿ ಹಲವು ಕಿರುಚೀಲಗಳು ಮೂಡಿ ಗಂಡು ಹಾರ್ಮೋನುಗಳು ಹೆಚ್ಚುವ ಪಿಸಿಒಎಸ್ ಸಮಸ್ಯೆಯಿರುವ ತರುಣಿಯರಲ್ಲಿ ಫ್ಯಾಟಿ ಲಿವರ್ ಇತರ ತರುಣಿಯರಿಗಿಂತ ಹೆಚ್ಚು ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಇಲ್ಲಿಯೂ ವರ್ತುಲವೊಂದಿದೆ. ಟೆಸ್ಟೊಸ್ಟೆರೋನನ್ನು ರಕ್ತದಲ್ಲಿ ಹಿಡಿದಿಡುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನು ತಯಾರಾಗುವುದು ಯಕೃತ್ತಿನಲ್ಲಿ. ಯಕೃತ್ತು ಕೊಬ್ಬಿದಾಗ ಅದರ ಉತ್ಪಾದನೆ ಇಳಿಯುತ್ತದೆ, ಹಿಡಿತ ತಪ್ಪಿದ ಟೆಸ್ಟೊಸ್ಟೆರೋನಿನ ಪಾಲು ಏರುತ್ತದೆ. ಮುಖದ ಮೇಲೆ ಕೂದಲು, ಮೊಡವೆ, ಮುಟ್ಟಿನ ಏರುಪೇರು ಎಂದು ವೈದ್ಯರ ಬಳಿ ಹೋದ ತರುಣಿಗೆ ಯಕೃತ್ತನ್ನೂ ಪರೀಕ್ಷಿಸಿಕೊಳ್ಳಲು ಹೇಳಿದರೆ ಅದು ಅನಗತ್ಯ ಖರ್ಚೆಂದು ತಿಳಿಯಬೇಕಿಲ್ಲ.

ಥೈರಾಯ್ಡ್ ಹಾರ್ಮೋನಿನ ಕಥೆ ಚಿಕಿತ್ಸೆಯವರೆಗೂ ಹೋಗಿ ಮುಟ್ಟಿದ ಕಥೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳಬೇಕು. ಈ ಹಾರ್ಮೋನು ಯಕೃತ್ತಿನ ಜೀವಕೋಶಗಳಲ್ಲಿ ಕೊಬ್ಬಿನ ಹನಿಗಳನ್ನು ಒಡೆಸಿ ಮೈಟೊಕಾಂಡ್ರಿಯಗಳಿಗೆ ಕಳಿಸುತ್ತದೆ, ಹೊಸ ಮೈಟೊಕಾಂಡ್ರಿಯಗಳು ಹುಟ್ಟಲು ನೆರವಾಗುತ್ತದೆ, ರಕ್ತದಿಂದ ಕೆಟ್ಟ ಕೊಲೆಸ್ಟರಾಲನ್ನು ಎಳೆದುಕೊಳ್ಳುವುದನ್ನು ಹೆಚ್ಚಿಸುತ್ತದೆ. ಥೈರಾಯ್ಡ್ ಮಂದವಾದವರಲ್ಲಿ ಫ್ಯಾಟಿ ಲಿವರ್ ಹೆಚ್ಚಾಗಿ ಕಾಣುವುದು ಆದ್ದರಿಂದ ಆಶ್ಚರ್ಯದ ವಿಷಯವಲ್ಲ. ಹಾಗಿದ್ದರೆ ಎಲ್ಲರಿಗೂ ಥೈರಾಯ್ಡ್ ಮಾತ್ರೆ ಕೊಟ್ಟರಾಯಿತಲ್ಲ ಎಂದು ಕೇಳಬಹುದು. ಅಡ್ಡಿ ಇರುವುದು ಹೃದಯದಲ್ಲಿ. ಥೈರಾಯ್ಡ್ ಹಾರ್ಮೋನಿಗೆ ಆಲ್ಫಾ ಮತ್ತು ಬೀಟಾ ಎಂಬ ಎರಡು ಬಗೆಯ ಗ್ರಾಹಕಗಳಿವೆ. ಹೃದಯ ಮತ್ತು ಮೂಳೆಗಳಲ್ಲಿ ಆಲ್ಫಾ ಪ್ರಧಾನ, ಯಕೃತ್ತಿನಲ್ಲಿ ಬೀಟಾ ಪ್ರಧಾನ. ಹಾರ್ಮೋನನ್ನೇ ಹೆಚ್ಚಾಗಿ ಕೊಟ್ಟರೆ ಯಕೃತ್ತಿಗೆ ಉಪಕಾರವಾಗುವ ಹೊತ್ತಿಗೆ ಎದೆಬಡಿತ ತಾಳ ತಪ್ಪಿ, ಮೂಳೆ ಸವೆದಿರುತ್ತದೆ. ತೂಕ ಇಳಿಸಲೆಂದು ಥೈರಾಯ್ಡ್ ಸರಿಯಿದ್ದೂ ಆ ಮಾತ್ರೆ ನುಂಗುವವರು ತಂದುಕೊಳ್ಳುವ ಅಪಾಯ ಇದೇ. ಬೀಟಾ ಗ್ರಾಹಕವನ್ನು ಮಾತ್ರ ಆರಿಸಿಕೊಂಡು, ಮುಖ್ಯವಾಗಿ ಯಕೃತ್ತಿನಲ್ಲೇ ಕೆಲಸ ಮಾಡುವ ರೆಸ್ಮೆಟಿರೊಮ್ ಎಂಬ ಮಾತ್ರೆಗೆ 2024ರ ಮಾರ್ಚ್‌ನಲ್ಲಿ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಉರಿಯೂತವಿದ್ದು ಯಕೃತ್ತು ಮಧ್ಯಮದಿಂದ ಮುಂದುವರಿದ ಹಂತದವರೆಗೆ ನಾರುಗಟ್ಟಿರುವ, ಆದರೆ ಸಿರೋಸಿಸ್ ತಲುಪದವರಿಗೆ ಒಪ್ಪಿಗೆ ಪಡೆದ ಮೊದಲ ಔಷಧ ಇದು. 966 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ, ಒಂದು ವರ್ಷದ ನಂತರ 100 ಮಿಲಿಗ್ರಾಂ ಮಾತ್ರೆ ಪಡೆದವರಲ್ಲಿ ಶೇ 29.9 ಮಂದಿಯ ಉರಿಯೂತ ಶಮನವಾಗಿತ್ತು. ಔಷಧವಿಲ್ಲದ ಹುಸಿಮಾತ್ರೆ ಪಡೆದವರಲ್ಲಿ ಈ ಪ್ರಮಾಣ ಶೇ 9.7. ಪರಿಣಾಮ ನಿಜವಾದದ್ದೇ, ಆದರೆ ಹತ್ತರಲ್ಲಿ ಏಳು ಮಂದಿಗೆ ಆ ಫಲ ಸಿಗಲಿಲ್ಲ ಎಂಬುದೂ ಅಷ್ಟೇ ನಿಜ. ಐದು ಬಾಗಿಲುಗಳಿರುವ ಮನೆಯಲ್ಲಿ ಒಂದೇ ಬಾಗಿಲನ್ನು ಸರಿಪಡಿಸಿದರೆ ಬೇರೆ ಫಲವನ್ನು ಹೇಗೆ ನಿರೀಕ್ಷಿಸುವುದು?

ಬೆಳವಣಿಗೆಯ ಹಾರ್ಮೋನು ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಕುತೂಹಲದ್ದೆನಿಸುತ್ತದೆ, ಏಕೆಂದರೆ ಇನ್ಸುಲಿನ್ ಪ್ರತಿರೋಧವೇ ಎಲ್ಲಕ್ಕೂ ಮೂಲ ಎಂಬ ಮಾತಿಗೆ ಅದು ನೇರವಾಗಿ ಅಡ್ಡ ನಿಲ್ಲುತ್ತದೆ. ಪಿಟ್ಯುಟರಿ ಗ್ರಂಥಿಯಿಂದ ಬರುವ ಈ ಹಾರ್ಮೋನು ಕೊಬ್ಬಿನ ಅಂಗಾಂಶದಿಂದ ಕೊಬ್ಬನ್ನು ಕರಗಿಸುತ್ತದೆ ಮತ್ತು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಪಡಿಸುತ್ತದೆ. ಇಷ್ಟನ್ನೇ ನೋಡಿದರೆ ಅದು ಹೆಚ್ಚಾದಾಗ ಯಕೃತ್ತು ಕೊಬ್ಬಬೇಕು. ಅಕ್ರೊಮೆಗಲಿ ಎಂಬ ಕಾಯಿಲೆಯಲ್ಲಿ ಪಿಟ್ಯುಟರಿಯ ಗೆಡ್ಡೆಯೊಂದು ಈ ಹಾರ್ಮೋನನ್ನು ಅತಿಯಾಗಿ ಸ್ರವಿಸುತ್ತದೆ. ಅವರಿಗೆ ಇನ್ಸುಲಿನ್ ಪ್ರತಿರೋಧವಿರುತ್ತದೆ, ಹಲವರಿಗೆ ಮಧುಮೇಹವೂ ಬರುತ್ತದೆ. ಆದರೆ ಅವರ ಯಕೃತ್ತಿನಲ್ಲಿ ಕೊಬ್ಬು ಕಡಿಮೆ. ಶಸ್ತ್ರಚಿಕಿತ್ಸೆಯಿಂದ ಗೆಡ್ಡೆಯನ್ನು ತೆಗೆದಾಗ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗುತ್ತದೆ, ಯಕೃತ್ತಿನ ಕೊಬ್ಬು ಮಾತ್ರ ಏರುತ್ತದೆ. ಬೆಳವಣಿಗೆಯ ಹಾರ್ಮೋನು ಯಕೃತ್ತಿನೊಳಗೆ ಕೊಬ್ಬಿನ ತಯಾರಿಕೆಯನ್ನು ನೇರವಾಗಿ ಹತ್ತಿಕ್ಕುವುದೇ ಇದಕ್ಕೆ ವಿವರಣೆ. ಅತ್ತ ಈ ಹಾರ್ಮೋನಿನ ಕೊರತೆಯಿರುವವರಲ್ಲಿ ಫ್ಯಾಟಿ ಲಿವರ್ ಬೇಗ ಬೆಳೆಯುವುದುಂಟು. ಹೊಟ್ಟೆಯ ಬೊಜ್ಜು ಹೆಚ್ಚಿದಂತೆ ಈ ಹಾರ್ಮೋನಿನ ಸ್ರವಿಕೆ ತಗ್ಗುವುದರಿಂದ, ಪಿಟ್ಯುಟರಿಯ ಕಾಯಿಲೆಯಿಲ್ಲದ ಸಾಮಾನ್ಯರಲ್ಲೂ ಅದರ ಕೊರತೆ ತುಸು ಇದ್ದೇ ಇರುತ್ತದೆ. ಎಚ್‌ಐವಿ ಸೋಂಕಿರುವವರಲ್ಲಿ ಹೊಟ್ಟೆಯೊಳಗಿನ ಕೊಬ್ಬನ್ನು ಇಳಿಸಲು 2010ರಲ್ಲಿ ಒಪ್ಪಿಗೆ ಪಡೆದ ಟೆಸಮೊರೆಲಿನ್ ಎಂಬ ಚುಚ್ಚುಮದ್ದು ಪಿಟ್ಯುಟರಿಯಿಂದ ಬೆಳವಣಿಗೆಯ ಹಾರ್ಮೋನನ್ನು ಹೊರಡಿಸುತ್ತದೆ. ಅದು ಯಕೃತ್ತಿನ ಕೊಬ್ಬನ್ನೂ ಇಳಿಸುತ್ತದೆಂದು ಮುಂದಿನ ಪರೀಕ್ಷೆಗಳು ತೋರಿಸಿವೆ.

ಕಾರ್ಟಿಸಾಲ್ ಕುರಿತು ಹೇಳುವುದು ಕಡಿಮೆ, ಏಕೆಂದರೆ ಅದರ ಬಗ್ಗೆ ಈಗಾಗಲೇ ಅತಿಯಾಗಿ ಮಾತು ನಡೆದಿದೆ. ಅಡ್ರಿನಲ್ ಗ್ರಂಥಿಯ ಈ ಒತ್ತಡದ ಹಾರ್ಮೋನು ಕೊಬ್ಬನ್ನು ಕೈಕಾಲುಗಳಿಂದ ಹೊಟ್ಟೆಗೆ ಸಾಗಿಸುತ್ತದೆ, ಇನ್ಸುಲಿನ್ನಿಗೆ ತಡೆಯೊಡ್ಡುತ್ತದೆ, ಯಕೃತ್ತಿನಲ್ಲಿ ಕೊಬ್ಬಿನ ತಯಾರಿಕೆಯನ್ನು ಹೆಚ್ಚಿಸುತ್ತದೆ. ಕಾರ್ಟಿಸಾಲ್ ಮಿತಿಮೀರುವ ಕುಶಿಂಗ್ ಕಾಯಿಲೆಯಲ್ಲಿಯೂ, ಸ್ಟಿರಾಯ್ಡ್ ಮಾತ್ರೆಗಳನ್ನು ದೀರ್ಘಕಾಲ ತೆಗೆದುಕೊಳ್ಳುವವರಲ್ಲಿಯೂ ಇದರ ಪರಿಣಾಮ ಸ್ಪಷ್ಟ. ಆದರೆ ದಿನನಿತ್ಯದ ಮಾನಸಿಕ ಒತ್ತಡದಿಂದಲೇ ಕಾರ್ಟಿಸಾಲ್ ಏರಿ ಯಕೃತ್ತು ಕೊಬ್ಬಿದೆ ಎಂದು ಹೇಳಿ, ಅದನ್ನು ಇಳಿಸುತ್ತೇವೆಂದು ಪುಡಿ-ಗುಳಿಗೆಗಳನ್ನು ಮಾರುವವರ ಮಾತಿಗೆ ಅಂಥ ಆಧಾರವಿಲ್ಲ. ವೈದ್ಯರು ಕೊಟ್ಟ ಸ್ಟಿರಾಯ್ಡನ್ನು ಯಕೃತ್ತಿನ ಭಯದಿಂದ ತಟ್ಟನೆ ನಿಲ್ಲಿಸುವುದಂತೂ ಪ್ರಾಣಕ್ಕೇ ಅಪಾಯ ತರಬಲ್ಲದು.

ಯಕೃತ್ತು ಆಜ್ಞೆಗಳನ್ನು ಕೇಳುವ ಅಂಗ ಮಾತ್ರವಲ್ಲ, ಹೊರಡಿಸುವ ಅಂಗವೂ ಹೌದು. ಕೊಬ್ಬು ಮತ್ತು ಸಕ್ಕರೆಯ ಭಾರ ಹೆಚ್ಚಿದಾಗ ಅದು ಎಫ್‌ಜಿಎಫ್21 ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ಮಿದುಳಿಗೆ ಹೋಗಿ ಸಿಹಿಯ ಬಯಕೆಯನ್ನು ತಗ್ಗಿಸುತ್ತದೆ, ಕೊಬ್ಬಿನ ಅಂಗಾಂಶದಲ್ಲಿ ಅಡಿಪೊನೆಕ್ಟಿನ್ನನ್ನು ಹೆಚ್ಚಿಸುತ್ತದೆ. ಫ್ಯಾಟಿ ಲಿವರ್ ಇರುವವರ ರಕ್ತದಲ್ಲಿ ಇದರ ಮಟ್ಟ ಮೇಲೇ ಇರುತ್ತದೆ, ಆದರೂ ಸಾಲುವುದಿಲ್ಲ. ಹೆಚ್ಚು ಹೊತ್ತು ಉಳಿಯುವಂತೆ ಮಾರ್ಪಡಿಸಿದ ಇದರ ರೂಪಗಳು ಔಷಧವಾಗಿ ಪರೀಕ್ಷೆಯ ಕೊನೆಯ ಹಂತಗಳನ್ನು ತಲುಪಿವೆ.

ಕರುಳಿನ ಹಾರ್ಮೋನಾದ ಜಿಎಲ್‌ಪಿ-1 ಅನ್ನು ಅನುಕರಿಸುವ ಸೆಮಾಗ್ಲುಟೈಡ್ ಈಗಾಗಲೇ ಆ ಹಂತವನ್ನು ದಾಟಿದೆ. 800 ಜನರ ಮೇಲೆ 72 ವಾರಗಳ ಕಾಲ ನಡೆದ ಪರೀಕ್ಷೆಯಲ್ಲಿ, ಯಕೃತ್ತಿನ ನಾರು ಹೆಚ್ಚದೆ ಉರಿಯೂತ ಶಮನವಾದವರು ಔಷಧ ಪಡೆದವರಲ್ಲಿ ಶೇ 62.9, ಹುಸಿಮದ್ದು ಪಡೆದವರಲ್ಲಿ ಶೇ 34.3. 2025ರ ಆಗಸ್ಟ್‌ನಲ್ಲಿ ಎಫ್‌ಡಿಎ ಇದನ್ನೂ ಒಪ್ಪಿತು. ಗಮನಿಸಬೇಕಾದದ್ದೆಂದರೆ, ಯಕೃತ್ತಿನ ಜೀವಕೋಶಗಳಲ್ಲಿ ಜಿಎಲ್‌ಪಿ-1ರ ಗ್ರಾಹಕಗಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಈ ಔಷಧ ಹಸಿವನ್ನು ಇಳಿಸಿ, ತೂಕವನ್ನು ಇಳಿಸಿ, ಆ ಮೂಲಕ ಇನ್ಸುಲಿನ್ನಿನ ಅತಿಯಾದ ಕೂಗಾಟವನ್ನು ತಗ್ಗಿಸಿ ಯಕೃತ್ತಿಗೆ ಬಹುಮಟ್ಟಿಗೆ ಪರೋಕ್ಷವಾಗಿ ನೆರವಾಗುತ್ತದೆ. ಔಷಧವಿಲ್ಲದೆ ತೂಕ ಇಳಿಸಿದವರಲ್ಲೂ ನಡೆಯುವುದು ಇದೇ: ಶೇ 5ರಷ್ಟು ತೂಕ ಇಳಿದರೆ ಯಕೃತ್ತಿನ ಕೊಬ್ಬು ಕಡಿಮೆಯಾಗುತ್ತದೆ, ಶೇ 7ರಿಂದ 10ರಷ್ಟು ಇಳಿದರೆ ಉರಿಯೂತ ತಗ್ಗುತ್ತದೆ, ಅದಕ್ಕೂ ಮೇಲೆ ಹೋದರೆ ನಾರುಗಟ್ಟಿದ್ದೂ ಹಲವರಲ್ಲಿ ಸಡಿಲಗೊಳ್ಳುತ್ತದೆ.

ಈ ಇಳಿಕೆ ಎಷ್ಟು ಬೇಗ ಶುರುವಾಗುತ್ತದೆ ಎಂಬುದನ್ನು ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ರಾಯ್ ಟೇಲರ್ ಅವರ ತಂಡ 2011ರಲ್ಲಿ ಪ್ರಕಟಿಸಿದ ಪುಟ್ಟ ಪ್ರಯೋಗವೊಂದು ತೋರಿಸಿತು. ಟೈಪ್ 2 ಮಧುಮೇಹವಿದ್ದ 11 ಜನರಿಗೆ ವೈದ್ಯರ ನಿಗಾದಲ್ಲಿ ಎಂಟು ವಾರಗಳ ಕಾಲ ದಿನಕ್ಕೆ ಸುಮಾರು 600 ಕ್ಯಾಲೊರಿಯಷ್ಟೇ ಆಹಾರವನ್ನು ಕೊಡಲಾಯಿತು. ಒಂದೇ ವಾರದಲ್ಲಿ ಯಕೃತ್ತಿನ ಕೊಬ್ಬು ಸುಮಾರು ಶೇ 30ರಷ್ಟು ಕರಗಿ, ಬೆಳಗಿನ ಬರಿಹೊಟ್ಟೆಯ ಸಕ್ಕರೆ ಸಹಜ ಮಟ್ಟಕ್ಕೆ ಬಂದಿತ್ತು. ಎಂಟು ವಾರ ಮುಗಿಯುವ ಹೊತ್ತಿಗೆ ಯಕೃತ್ತಿನ ಕೊಬ್ಬು ಶೇ 12.8ರಿಂದ ಶೇ 2.9ಕ್ಕೆ ಇಳಿದಿತ್ತು. ಮೊದಲ ವಾರದಲ್ಲಿ ಕನ್ನಡಿಯ ಮುಂದೆ ನಿಂತರೆ ಅವರ ಹೊಟ್ಟೆ ಹಾಗೆಯೇ ಕಾಣುತ್ತಿದ್ದಿರಬೇಕು; ಒಳಗೆ ಇನ್ಸುಲಿನ್ ಇಳಿದು, ಕೊಬ್ಬಿನ ತಯಾರಿಕೆ ನಿಂತು, ಮೈಟೊಕಾಂಡ್ರಿಯದ ಬಾಗಿಲು ಆಗಲೇ ತೆರೆದುಕೊಂಡಿತ್ತು.